ಮಲ್ವಾಲನ ಫೋಟೋಗೆ ಹಾಕಿದ ಹಾರ

ಚಂದ್ರಕಾಂತ ಮಾಸ್ತರರ ಮುಖ ನೋಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದೇ ಮುಖವನ್ನು ಈ ಬೇಸಿಗೆಯಲ್ಲಿ ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಆಳೆತ್ತರದ ಫ್ಲೆಕ್ಸಿನಲ್ಲಿ ನೋಡಬೇಕಾಯಿತು. ಭಾಲ್ಕಿ ಬಸ್‌ಸ್ಟ್ಯಾಂಡಿನಿಂದ ನಮ್ಮ ಶಾಲೆಗೆ ತಿರುಗುವ ಮೂಲೆಯಲ್ಲೇ ಕಟ್ಟಿದ್ದರು. ಎಡಕ್ಕೆ ಮಲ್ವಾಲ್, ಕ್ಲಬ್ಬಿನ ಹಸಿರು ಜರ್ಸಿಯಲ್ಲಿ, ಕೈಯಲ್ಲಿ ಚೆಂಡು. ಬಲಕ್ಕೆ ಮಾಸ್ತರರು, ಕೋಟು ಹಾಕಿಕೊಂಡು, ಕೈ ಮುಗಿದುಕೊಂಡು. ನಡುವೆ ದಪ್ಪಕ್ಷರದಲ್ಲಿ ‘ಭಾಲ್ಕಿಯ ಗುರು, ಆಫ್ರಿಕಾದ ಶಿಷ್ಯ’ ಎಂದು ಬರೆಸಿದ್ದರು.

ಗುರುವಂತೆ, ಗುರು. ಆ ಹುಡುಗ ಆಡಬಾರದೆಂದು ಗೇಟಿಗೆ ಕೀಲಿ ಜಡಿದ ಮಹಾನುಭಾವರು ಇವರೇ.

ಮಲ್ವಾಲ್ ದಕ್ಷಿಣ ಸೂಡಾನಿನವನು. ಬೀದರಿನ ಒಂದು ಕಾಲೇಜಿಗೆ ಫಾರ್ಮಸಿ ಓದಲು ಬಂದಿದ್ದ. ಅಲ್ಲಿ ಆಡಲು ಹೋದರೆ ಹುಡುಗರು ಚೆಂಡು ಕೊಡುತ್ತಿರಲಿಲ್ಲ, ಬಾಯಿಗೆ ಬಂದ ಹೆಸರು ಮಾತ್ರ ಕೊಡುತ್ತಿದ್ದರು. ಹಾಗಾಗಿ ಭಾನುವಾರ ರೈಲು ಹತ್ತಿ ಭಾಲ್ಕಿಗೆ ಬರುತ್ತಿದ್ದ, ನಮ್ಮ ಟ್ರಸ್ಟಿನ ಶಾಲೆಯ ಹಿಂದಿರುವ ಬಾಸ್ಕೆಟ್‌ಬಾಲ್ ಕೋರ್ಟಿಗೆ. ಆಗ ನಾನಿನ್ನೂ ಬಿ.ಪಿ.ಎಡ್. ಮಾಡುತ್ತಿದ್ದೆ, ಅಲ್ಲೇ ಪ್ರ್ಯಾಕ್ಟೀಸಿಗೆ ಬರುತ್ತಿದ್ದೆ. ಚಂದ್ರಕಾಂತ ಮಾಸ್ತರರು ಶಾಲೆಯ ಪಿ.ಟಿ. ಮಾಸ್ತರರು. ಮೂರನೆಯ ಭಾನುವಾರಕ್ಕೇ ಗೇಟಿಗೆ ಕೀಲಿ ಬಿತ್ತು.

“ಅವನ್ನ ನೋಡಿದ್ರ ಹುಡುಗೂರು ಅಂಜ್ತಾವ,” ಅಂದರು. ಯಾವ ಹುಡುಗರೂ ಅಂಜಿರಲಿಲ್ಲ. ಅವನ ಹೆಗಲ ಮೇಲೆ ಕುಳಿತು ರಿಂಗಿಗೆ ಜೋತುಬೀಳಲು ಪಾಳಿ ಹಚ್ಚುತ್ತಿದ್ದರು.

ಕೀಲಿ ಬಿದ್ದ ಮೇಲೂ ಮಲ್ವಾಲ್ ಬರುವುದು ಬಿಡಲಿಲ್ಲ. ಕೋರ್ಟಿನ ಹಿಂದಿನ ಬೀಳು ಹೊಲದಲ್ಲಿ, ಗೊಬ್ಬರಕ್ಕೆಂದು, ಬೇಸಿಗೆಯಲ್ಲಿ ಔರಾದಿನ ಮಡೆಪ್ಪ ಕುರಿ ತರುಬುತ್ತಿದ್ದ. ಮಲ್ವಾಲ್ ಹೋಗಿ ಆ ಕುರಿಗಳ ನಡುವೆ ಕೂತ. ತನ್ನ ಜನರೂ ದನ ಕಾಯುವವರು, ತನ್ನ ಹೆಸರು ಕೂಡ ಒಂದು ಹೋರಿಯ ಬಣ್ಣದ್ದು, ಕೆಂಗಂದು ಬಣ್ಣ ಎಂದು ಕೈಸನ್ನೆಯಲ್ಲಿ, ಅರೆಬರೆ ಹಿಂದಿಯಲ್ಲಿ ಹೇಳಿದ. ಮಡೆಪ್ಪ ತನ್ನ ಹಿಂಡಿನ ಕೆಂದ ಟಗರನ್ನು ತೋರಿಸಿ, “ಹಂಗಾದ್ರ ನೀ ನಮ್ಮಾಂವ ಆದಿ ನೋಡು,” ಎಂದು ನಕ್ಕ. ಆಮೇಲೆ ಬೇವಿನ ಮರದ ಕಡೆ ಗೋಡೆಗೆ ಕೈಯೂರಿ ಬಗ್ಗಿ ನಿಂತು, ಹೆಗಲು ಕೊಟ್ಟು, ಅವನನ್ನು ಒಳಗೆ ದಾಟಿಸಿದ. ಮಡೆಪ್ಪನ ಹಿಂದೆ ಕುರಿ ಕಾಯಲು ಬಂದಿದ್ದ ಮಗಳು ಸಿದ್ದೇಶ್ವರಿಗೂ ಗೋಡೆ ದಾಟಬೇಕೆಂದು ಹಟ. ಮಲ್ವಾಲ್ ಅವಳ ಕೈಗೆ ಚೆಂಡು ಕೊಟ್ಟ.

ಅದೇ ಸಿದ್ದೇಶ್ವರಿ ಈಗ ಪಿ.ಯು. ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ, ನನ್ನ ಹುಡುಗಿಯರ ತಂಡದ ಜೀವಾಳ. ನಾನೀಗ ಅದೇ ಶಾಲೆಯ ಪಿ.ಟಿ. ಟೀಚರ್. ಜೂನಿನಲ್ಲಿ ರಾಜ್ಯ ತಂಡದ ಆಯ್ಕೆ. ಇಡೀ ಬೇಸಿಗೆ ಆಡಿದರೆ ಅವಳು ಆಯ್ಕೆಯಾಗುತ್ತಾಳೆ. ಆಡದಿದ್ದರೆ ಮುಂದಿನ ವರ್ಷ ಮದುವೆಯೇ, ಆ ಮಾತು ಅವರ ಮನೆಯ ಹಿರಿಯರಲ್ಲಿ ಆಗಲೇ ಎದ್ದಿತ್ತು. ಭಾಲ್ಕಿಯಲ್ಲಿ ಆಡಲು ಯೋಗ್ಯವಾದ ಕೋರ್ಟ್ ನಮ್ಮದೊಂದೇ. ಆ ಒಂದರ ಮೇಲೂ ಟ್ರಸ್ಟಿನ ಕಾರ್ಯದರ್ಶಿ ಪರಾಗನ ಕಣ್ಣು. ಅವನಿಗೆ ಅಲ್ಲಿ ಫಂಕ್ಷನ್ ಹಾಲ್ ಕಟ್ಟಬೇಕು. ಬಾಸ್ಕೆಟ್‌ಬಾಲ್ ಅಂದರೆ ಅವನ ಪಾಲಿಗೆ ರಸ್ತೆಗೆ ಹತ್ತಿರದ ಖಾಲಿ ಜಾಗ, ಅಷ್ಟೆ.

ಹೀಗಿರುವಾಗ, ಓದು ಮುಗಿಸಿ ಆಫ್ರಿಕಾಕ್ಕೆ ಮರಳಿ ಕ್ಲಬ್ಬೊಂದಕ್ಕೆ ಆಡುತ್ತಿದ್ದ ಮಲ್ವಾಲನ ಸೀಸನ್ ಶುರುವಾಯಿತು.

ಆಫ್ರಿಕಾ ಖಂಡದ ಬೇರೆಬೇರೆ ದೇಶಗಳ ಚಾಂಪಿಯನ್ ಕ್ಲಬ್ಬುಗಳು ಆಡುವ ಲೀಗ್ ಅದು. ಮೊದಲು ಗುಂಪಿನ ಪಂದ್ಯಗಳು, ಅಲ್ಲಿ ಗೆದ್ದವರಿಗೆ ಒಂದೇ ಊರಿನಲ್ಲಿ ಸೋತರೆ ಮನೆಗೆ ಎನ್ನುವ ಪಂದ್ಯಗಳು, ಕೊನೆಗೆ ಫೈನಲ್. ಅಲ್ಲಿ ಮಧ್ಯಾಹ್ನ ಇದ್ದಾಗ ನಮ್ಮಲ್ಲಿ ಸಂಜೆ. ಪ್ರ್ಯಾಕ್ಟೀಸ್ ಮುಗಿಸಿದ ಹುಡುಗಿಯರು ನೀರಿನ ಟಾಕಿಗೆ ನನ್ನ ಫೋನು ಒರಗಿಸಿ ನೋಡುತ್ತಿದ್ದರು. ಮಲ್ವಾಲ್ ಎಡಗಡೆಯಿಂದ ಎದ್ದು ಚೆಂಡನ್ನು ಮೆಲ್ಲಗೆ ಬಿಡುವ ಒಂದು ರೀತಿ ಇದೆ. ಸಿದ್ದೇಶ್ವರಿ ಮಾರನೆ ದಿನ ಅದನ್ನೇ ಮಾಡಿ ಮಾಡಿ ಮೊಣಕೈ ತರಚಿಕೊಳ್ಳುತ್ತಿದ್ದಳು. ಅವನ ಕ್ಲಬ್ಬು ಗುಂಪಿನಲ್ಲಿ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಒಂದು ಪಂದ್ಯದ ನಂತರ ಮೈಕು ಹಿಡಿದವರಿಗೆ ಅವನು, “ನಾನು ಭಾರತದಲ್ಲಿ ಓದುವಾಗ ಭಾಲ್ಕಿ ಎನ್ನುವ ಊರಲ್ಲಿ ಆಡುತ್ತಿದ್ದೆ,” ಎಂದ. ಅಷ್ಟೇ ಸಾಕಾಯಿತು. ವಾರದೊಳಗೆ ಫ್ಲೆಕ್ಸ್ ಎದ್ದಿತು.

ನಾನು ಮಾಸ್ತರರನ್ನು ಸ್ಟಾಫ್ ರೂಮಿನಲ್ಲೇ ಹಿಡಿದೆ. ನಿವೃತ್ತರಾದರೂ ಟ್ರಸ್ಟಿನ ಕ್ರೀಡಾ ಸಲಹೆಗಾರ ಎಂದು ದಿನಾ ಬಂದು ಚಹಾ ಕುಡಿಯುತ್ತಿದ್ದರು.

“ಸರ, ಕೀಲಿ ಹಾಕಿದ್ದು ಮರ್ತೀರೇನ್ರಿ? ನಾಚಿಕಿ ಆಗಲ್ಲೇನ್ರಿ?”

“ನೀ ನನ್ನ ಸ್ಟೂಡೆಂಟ್ ಇದ್ದಾಕಿ. ನಾಲಗಿ ಬಿಗಿ ಹಿಡಿ,” ಅಂದರು. “ಪರಾಗ ಹಾಲ್ ಕಟ್ಟಸ್ತಾನ. ತಪ್ಪಸಬೇಕಂದ್ರ ಅಧ್ಯಕ್ಷರ ಮನಸ್ಸು ತಿರುಗಬೇಕು. ಸತ್ಕಾರ ಇಟ್ಟೀನಿ, ಅಧ್ಯಕ್ಷರು ಬರ್ತಾರ. ನಿನ್ನ ಕೋರ್ಟ್ ಉಳಿಸ್ಲಾಕ್ಹತ್ತಿದಾಂವ ನಾನೇ ಇದ್ದೀನಿ.”

ಆ ಮಾತು ಸುಳ್ಳಾಗಿರಲಿಲ್ಲ, ಅದೇ ನನಗೆ ಇನ್ನಷ್ಟು ಉರಿ ತಂದದ್ದು. ಈ ಮನುಷ್ಯನ ಉಪಕಾರ ನನಗೆ ಬೇಕಾಗಿತ್ತು.

ಟ್ರಸ್ಟಿನ ಅಧ್ಯಕ್ಷರು ಬೀದರಿನ ಹಳೆಯ ಸಾಹುಕಾರರು. ವಯಸ್ಸಾಗಿದೆ, ಕಿವಿ ಮಂದ, ಕಣ್ಣೂ ಅಷ್ಟಕ್ಕಷ್ಟೆ. ಆದರೆ ಹತ್ತು ಜನರ ಮುಂದೆ ಆಡಿದ ಮಾತು ತಿರುಗಿಸಿದವರಲ್ಲ. ಪರಾಗ ಅವರ ಎದುರು ಉಸಿರೆತ್ತುವುದಿಲ್ಲ.

ಸತ್ಕಾರ ಕೋರ್ಟಿನಲ್ಲೇ ಇತ್ತು. ಮಲ್ವಾಲ್ ಆಫ್ರಿಕಾದಲ್ಲಿ, ಸತ್ಕಾರ ಭಾಲ್ಕಿಯಲ್ಲಿ. ಶಾಲು ತಂದಾಗಿದೆ, ಸೇವಂತಿಗೆಯ ದಪ್ಪ ಹಾರ ತಂದಾಗಿದೆ, ಹಾಕಲು ಕೊರಳೇ ಇಲ್ಲ. ಮಾಸ್ತರರು ಅವನ ದೊಡ್ಡ ಫೋಟೋ ಚೌಕಟ್ಟು ಹಾಕಿಸಿ ವೇದಿಕೆಯ ಕುರ್ಚಿಯ ಮೇಲೆ ಇಟ್ಟಿದ್ದರು. ನಮ್ಮ ಶಾಲೆಯ ಸಿಪಾಯಿಗೆ ವೇದಿಕೆ ಮೇಲೆ ಫೋಟೋ ಕಂಡರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಕುಂಕುಮ ಹಚ್ಚಿದ, ಹಾರ ಹಾಕಿದ, ಶಾಲು ಹೊದಿಸಿದ, ಮುಂದೆ ಸಮೆ ದೀಪ ಹಚ್ಚಿಟ್ಟು ಊದಿನಕಡ್ಡಿ ಸಿಕ್ಕಿಸಿದ. ನಾನು ಹುಡುಗಿಯರನ್ನು ಸಾಲಾಗಿ ನಿಲ್ಲಿಸುವ ಗಡಿಬಿಡಿಯಲ್ಲಿದ್ದೆ. ತಿರುಗಿ ನೋಡಿ, ಹಾರ ತೆಗೆಯಲು ಓಡಿದೆ. ಅಷ್ಟರಲ್ಲಿ ಅಧ್ಯಕ್ಷರು ಮೆಟ್ಟಿಲು ಹತ್ತಿ ಆಗಿತ್ತು.

ಅವರು ಫೋಟೋದ ಮುಂದೆ ನಿಂತರು. ಹಾರ ನೋಡಿದರು, ಸಮೆ ನೋಡಿದರು. ಟೊಪ್ಪಿಗೆ ತೆಗೆದು ಕೈ ಮುಗಿದರು. “ಅಯ್ಯ, ಎಷ್ಟು ಸಣ್ಣ ವಯಸ್ಸು,” ಅಂದು ಕಣ್ಣು ಮುಚ್ಚಿ ನಿಂತುಬಿಟ್ಟರು. ಅವರು ನಿಂತರೆಂದು ಪರಾಗ ಎದ್ದು ನಿಂತ. ಪರಾಗ ನಿಂತನೆಂದು ಸಭೆಯೆಲ್ಲ ಎದ್ದು ನಿಂತಿತು. ನನ್ನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತ, ನಗು ತಡೆಯಲಾಗದೆ ತುಟಿ ಕಚ್ಚಿಕೊಂಡು ನಿಂತರು.

ಮೌನ ಮುಗಿದ ಮೇಲೆ ಅಧ್ಯಕ್ಷರು ಮೈಕಿಗೆ ಬಂದರು. “ಪರದೇಶದ ಹುಡುಗ ನಮ್ಮ ನೆಲದಾಗ ಆಡಿ ದೊಡ್ಡಾಂವ ಆದ. ಈಗ ಇಲ್ಲ. ಅಂವನ ನೆಪ್ಪಿಗೆ ಈ ಕೋರ್ಟ್ ಹಿಂಗೇ ಇರ್ತದ. ಇಲ್ಲಿ ಒಂದು ಇಟ್ಟಂಗಿ ಏಳಬಾರದು. ಈ ದೀಪದ ಮುಂದ ಹೇಳ್ತೇನಿ,” ಅಂದರು.

ಪರಾಗನ ಮುಖ ಕಪ್ಪಿಟ್ಟಿತು. ಅವನು ಮಾಸ್ತರರ ಕಡೆ ಬಗ್ಗಿ, “ಯಾವಾಗ ಸತ್ತಾನ್ರಿ?” ಎಂದು ಕೇಳಿದ್ದು ನನಗೆ ಕೇಳಿಸಿತು.

ಮಾಸ್ತರರು ಒಂದು ಕ್ಷಣವೂ ತಡೆಯಲಿಲ್ಲ. “ಹೋದ ವಾರ. ಗಾಡಿ ಆ್ಯಕ್ಸಿಡೆಂಟು.”

ನಾನು ಮೈಕಿನ ಕಡೆ ಹೊರಟೆ. ಮಾಸ್ತರರು ನನ್ನ ಮೊಣಕೈ ಹಿಡಿದು ಗೋಡೆಯ ಕಡೆ ಎಳೆದರು. “ಬಾಯಿ ಮುಚ್ಚಿಕೊಂಡಿರು ಮುಕ್ತಾ. ನಿನ್ನ ಕೋರ್ಟ್ ಉಳೀತು.”

ನಾನು ಮುಚ್ಚಿಕೊಂಡೆ. ಸಿದ್ದೇಶ್ವರಿಯ ಜೂನ್ ಕಣ್ಣ ಮುಂದಿತ್ತು. ಹೇಗೂ ಸತ್ತವನು ನಾಳೆ ಸಂಜೆ ಆಡುತ್ತಾನೆ, ನಾವು ನೋಡುತ್ತೇವೆ, ಯಾರಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

ನಷ್ಟ ಮರುದಿನವೇ ಗೊತ್ತಾಯಿತು. ಕೋರ್ಟಿನ ಗೇಟಿಗೆ ಹೊಸ ಕೀಲಿ ಬಿದ್ದಿತ್ತು. ಒಳಗೆ ರಿಂಗಿನ ಕೆಳಗೆ ಸಣ್ಣ ಕಟ್ಟೆ ಕಟ್ಟಿ, ಅದರ ಮೇಲೆ ಹಾರ ಹಾಕಿದ ಫೋಟೋ ಇಟ್ಟಿದ್ದರು. ಗೇಟಿನ ಮೇಲೆ ‘ಸ್ಮಾರಕ, ಒಳಗೆ ಪ್ರವೇಶವಿಲ್ಲ’ ಎಂಬ ಬೋರ್ಡು.

“ಕೀಲಿ ಕೈ ಕೊಡ್ರಿ ಸರ,” ಅಂದೆ.

“ಸ್ಮಾರಕದಾಗ ಹುಡುಗ್ಯಾರು ಚಡ್ಡಿ ಹಾಕ್ಕೊಂಡು ಕುಣದ್ರ ಅಧ್ಯಕ್ಷರಿಗೆ ಹ್ಯಾಂಗ ಅನಸ್ತದ? ಕಲ್ಲಿನ ಫಲಕ ಕೂಡಲಿ, ಉದ್ಘಾಟನೆ ಆಗಲಿ. ಆಮ್ಯಾಲ ನೋಡೋಣು.”

“ಫಲಕದಾಗ ಯಾರ ಹೆಸರ್ರಿ?”

“ಅವಂದು ಮ್ಯಾಲ. ನಂದು ಕೆಳಗ,” ಅಂದರು, ಚಹಾ ಹೀರುತ್ತ. ಶಾಲೆಯ ಆವರಣದಲ್ಲಿ ಆ ಲೀಗಿನ ಪಂದ್ಯ ಯಾರೂ ಫೋನಿನಲ್ಲಿ ನೋಡಕೂಡದೆಂದೂ ಹೇಳಿ ಕಳಿಸಿದರು. ಸತ್ತವನು ಓಡಾಡುವುದು ಪರಾಗನ ಕಣ್ಣಿಗೆ ಬೀಳಬಾರದಲ್ಲ.

ಹುಡುಗಿಯರು ಶಾಲೆಯ ಮುಂದಿನ ಡಾಂಬರಿನ ಮೇಲೆ ಚೆಂಡು ತಟ್ಟುತ್ತ ದಿನ ಕಳೆದರು. ರಿಂಗಿಲ್ಲದ ಬಾಸ್ಕೆಟ್‌ಬಾಲ್ ಯಾವ ಸುಡುಗಾಡು ಆಟ? ಸಿದ್ದೇಶ್ವರಿ ಮಾತೇ ಬಿಟ್ಟಳು. ಅತ್ತ ಮಲ್ವಾಲನ ಕ್ಲಬ್ಬು ಕೊನೆಯ ನಾಲ್ಕರೊಳಗೆ ಬಂದಿತು.

ಸೆಮಿಫೈನಲ್ಲಿನ ದಿನ, ಗುರುವಾರ ಮಧ್ಯಾಹ್ನ, ಮಡೆಪ್ಪ ಬಂದ. ಹಿಂಡನ್ನು ಅಣ್ಣನ ವಶಕ್ಕೆ ಬಿಟ್ಟು, ಗಡಿಯ ಕಡೆಯ ಮೇವಿನ ಜಾಗದಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದ. ತಲೆಗೆ ರುಮಾಲಿರಲಿಲ್ಲ. ಬಗಲಲ್ಲಿ ಕರಿ ಕಂಬಳಿ. ಯಾರದೋ ಫೋನಿನಲ್ಲಿ ಹಾರ ಹಾಕಿದ ಫೋಟೋ ನೋಡಿದ್ದನಂತೆ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತಂತೆ. ಗೇಟಿನ ಸರಳು ಹಿಡಿದು ಒಳಗೆ ಕಟ್ಟೆಯನ್ನೇ ನೋಡುತ್ತ ನಿಂತಿದ್ದ. ನಾನೂ ಸಿದ್ದೇಶ್ವರಿಯೂ ಓಡಿಹೋದೆವು.

“ಇಲ್ಲೇ ಮಣ್ಣ ಮಾಡ್ಯಾರೇನ್ರಿ ಬಾಯಾರ?” ಅಂದ. “ಇಕಿ ಲಗ್ನಕ್ಕ ಬಾ, ಕಂಬಳಿ ಕೊಡ್ತೀನಿ ಅಂದಿದ್ದೆ. ಮಣ್ಣಿನ ಮ್ಯಾಲರ ಹಾಸಿ ಹೋಗ್ತೀನ್ರಿ. ಕೀಲಿ ತೆಗೀರಿ.”

ನೆಲ ಬಾಯಿ ಬಿಟ್ಟರೆ ಇಳಿದುಹೋಗಬೇಕು ಅನಿಸಿತು. ಫೋನು ತೆಗೆದು ಮಲ್ವಾಲನಿಗೆ ವಿಡಿಯೋ ಕಾಲ್ ಹಚ್ಚಿದೆ. ಅವನು ಹೋಟೆಲಿನ ಹಾಸಿಗೆಯ ಮೇಲೆ ಮೊಣಕಾಲಿಗೆ ಐಸು ಇಟ್ಟುಕೊಂಡು ಕೂತಿದ್ದ. ಮಡೆಪ್ಪನನ್ನು ನೋಡಿದವನೇ, “ಮಡೆಪ್ಪಾ, ಕೆಂದ ಟಗರು ಹ್ಯಾಂಗ ಅದ?” ಎಂದು ಹಲ್ಲು ಬಿಟ್ಟ.

ಮಡೆಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅತ್ತುಬಿಟ್ಟ. ಮಲ್ವಾಲನಿಗೆ ಏನೂ ತಿಳಿಯಲಿಲ್ಲ. ನಾನು ಎಲ್ಲ ಹೇಳಿದೆ. ಅವನು ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. “ಗೇಟ್ ತೋರಿಸು,” ಅಂದ. ತೋರಿಸಿದೆ. “ಇನ್ನೂ ಕೀಲಿ,” ಅಂದ. “ನನ್ನ ಅಮ್ಮ ಆ ಫೋಟೋ ನೋಡಿದರೆ ಏನಾಗಬೇಕು, ಮುಕ್ತಾ?” ಅಂದ.

ಅಷ್ಟರಲ್ಲಿ ಮಾಸ್ತರರು ಬಂದರು. ಮಡೆಪ್ಪ ಕಣ್ಣೊರೆಸಿಕೊಂಡು ಅವರಿಗೆ ಅಡ್ಡ ನಿಂತ.

“ಜೀವಂತ ಇದ್ದವಗ ಹಾರ ಹಾಕಿ ದೀಪ ಹಚ್ಚೀರಿ? ಏನ್ ಮಂದಿರಿ ನೀವು? ಇವತ್ತ ಅಂವ ಆಡ್ಲಾಕ ಹೊಂಟಾನ. ಮೊದಲು ಹಾರ ತೆಗೀರಿ.”

“ಏ, ಕುರಿ ಕಾಯೋದು ನೋಡ್ಕೊಂಡು ಹೋಗು. ಟ್ರಸ್ಟಿನ ವಿಷಯದಾಗ ನಿಂದೇನದ?” ಎಂದರು ಮಾಸ್ತರರು.

ಮಡೆಪ್ಪ ಬೇವಿನ ಮರದ ಕಡೆ ಹೋಗಿ ಗೋಡೆಗೆ ಕೈಯೂರಿ ಬಗ್ಗಿದ. ಸಿದ್ದೇಶ್ವರಿ ಅಪ್ಪನ ಹೆಗಲೇರಿ ಒಳಗೆ ಜಿಗಿದಳು. ಮಾಸ್ತರರು ಗೇಟಿನಾಚೆ ಕೂಗಾಡುತ್ತಿರುವಾಗಲೇ ಹಾರ ತೆಗೆದು, ಕುಂಕುಮ ಒರೆಸಿ, ಹಾರವನ್ನು ಗೋಡೆಯಾಚೆ ನನ್ನ ಕೈಗೆಸೆದಳು. ಒಣಗಿದ್ದರೂ ಭಾರ ಇತ್ತು. ಎಲ್ಲಿ ಬಿಸಾಡುವುದೆಂದು ತಿಳಿಯದೆ ಸ್ಕೂಟಿಯ ಡಿಕ್ಕಿಯಲ್ಲಿ ತುರುಕಿದೆ.

“ಅಧ್ಯಕ್ಷರ ಬಲ್ಲಿ ಹೋಗೋಣು ನಡೀರಿ,” ಅಂದ ಮಡೆಪ್ಪ.

ಸಿದ್ದೇಶ್ವರಿ ಗೋಡೆ ಇಳಿದು ಬಂದು ನನ್ನ ಕೈ ಹಿಡಿದಳು. “ಬ್ಯಾಡ್ರಿ ಟೀಚರ್. ಹೇಳಿದ್ರ ಕೋರ್ಟ್ ಹೋಗ್ತದ.”

“ಈಗರ ಎಲ್ಲಿ ಅದವ್ವ? ಕೀಲಿ ಹಾಕಿದ್ದು ಇದ್ದರೇನು, ಇಲ್ಲದಿದ್ದರೇನು?” ಅಂದೆ. “ಅಧ್ಯಕ್ಷರು ಒಳ್ಳೇವ್ರು. ಖರೇ ಗೊತ್ತಾದ್ರ ಕೀಲಿ ತೆಗಸ್ತಾರ.” ನಾನು ಹಾಗೆಂದು ನಿಜವಾಗಿಯೂ ನಂಬಿದ್ದೆ.

ಬೀದರಿನಲ್ಲಿ ಅಧ್ಯಕ್ಷರು ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದರು. ನಾನು ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ. ಸಂಜೆಯ ಪಂದ್ಯ ಆಗಲೇ ಶುರುವಾಗಿತ್ತು, ಫೋನಿನಲ್ಲಿ ಮಲ್ವಾಲ್ ಓಡುವುದನ್ನು ಅವರ ಕಣ್ಣಿಗೆ ಹಿಡಿದು ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. ಮುಖ ಗಂಟಿಕ್ಕಿತು.

“ಜೀವಂತ ಹುಡುಗನ ಮುಂದ ನನ್ನ ಟೊಪ್ಪಿಗಿ ತೆಗಸೀರಿ,” ಅಂದರು. “ಊರ ಮುಂದ ನನ್ನ ಹುಚ್ಚನ್ನ ಮಾಡೀರಿ.”

“ನಂದೂ ತಪ್ಪದರಿ ಸಾಹುಕಾರ್ರ. ಅವತ್ತೇ ಹೇಳಬೇಕಿತ್ತು. ಆದ್ರ ಕೋರ್ಟ್ ಹುಡುಗ್ಯಾರಿಗೆ ಬೇಕ್ರಿ. ಜೂನಿನ್ಯಾಗ ಇಕಿ ಆಯ್ಕಿ ಅದ. ನೀವು ಮಾತು ಕೊಟ್ಟೀರಿ.”

“ಸತ್ತವಗ ಕೊಟ್ಟೀನಿ,” ಅಂದರು ಅವರು. “ಜೀವಂತ ಇದ್ದವಗ ನಾ ಏನೂ ಕೊಟ್ಟಿಲ್ಲ. ನಿಮಗೂ ಕೊಟ್ಟಿಲ್ಲ. ಪರಾಗಗ ಹೇಳ್ತೇನಿ, ಸೋಮವಾರದಿಂದ ಕೆಲಸ ಹಚ್ಚಲಿ.”

ಜೋಕಾಲಿ ಒಂದು ಸಲ ಹಿಂದಕ್ಕೆ ಹೋಗಿ ಬಂತು. ನನಗೆ ಆ ಮುದುಕನನ್ನು ಅದರ ಮೇಲಿಂದ ಎಳೆದು ಕೆಡವಬೇಕು ಅನ್ನಿಸಿತು. ಮಡೆಪ್ಪ ಕಂಬಳಿ ಬಗಲಲ್ಲಿಟ್ಟುಕೊಂಡು ಮೊದಲು ಹೊರಗೆ ಹೋದ. ಸಿದ್ದೇಶ್ವರಿ ಭಾಲ್ಕಿ ಮುಟ್ಟುವ ತನಕ ನನ್ನ ಕಡೆ ನೋಡಲಿಲ್ಲ. ಹಾಸ್ಟೆಲಿನ ಬಾಗಿಲಲ್ಲಿ ಮಾತ್ರ, “ನಾ ಹೇಳಿದ್ದೆ,” ಎಂದು ಒಳಗೆ ಹೋದಳು. ಮಲ್ವಾಲನ ಕ್ಲಬ್ಬು ಸೆಮಿಫೈನಲ್ ಗೆದ್ದಿತು ಎಂದು ಆಮೇಲೆ ಗೊತ್ತಾಯಿತು. ಖುಷಿ ಪಡುವ ಸ್ಥಿತಿಯಲ್ಲಿ ನಾವ್ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮಡೆಪ್ಪ ಟೆಂಪೋ ತಂದ. ಕೋರ್ಟು ಹೋಗುತ್ತದೆಂದ ಮೇಲೆ ಕಬ್ಬಿಣದ ಕಂಬ ಯಾರಿಗೆ ಬೇಕು, ಔರಾದಿಗೆ ಒಯ್ದು ಹಟ್ಟಿಯ ಮುಂದೆ ನೆಡುತ್ತೇನೆ ಎಂದ. ನಾನು ಪಾನಾ ಹಿಡಿದು, ಕೀಲಿ ಮುರಿಸಿ, ಹಾಡಹಗಲೇ ರಿಂಗು ಬಿಚ್ಚಿದೆ. ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ, ಅಂಗೈ ಕಿತ್ತುಹೋಯಿತು. ಮಾಸ್ತರರು ಬಂದು ನೋಡಿ, “ಟ್ರಸ್ಟಿನ ಆಸ್ತಿ, ಕಳವಿನ ಕೇಸ್ ಹಾಕಸ್ತೀನಿ,” ಎಂದರು. “ಹಾಕಸ್ರಿ. ಸತ್ತಾಂವ ಬಂದು ಸಾಕ್ಷಿ ಹೇಳ್ತಾನ,” ಎಂದೆ. ಅವರು ಫೋಟೋದ ಚೌಕಟ್ಟು ಎತ್ತಿಕೊಂಡು ಹೊರಟುಹೋದರು.

ಟೆಂಪೋ ಹಿಂದೆ ಸ್ಕೂಟಿಯಲ್ಲಿ ಹೊರಟೆ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಫ್ಲೆಕ್ಸ್ ಇನ್ನೂ ಇತ್ತು. ಎಡಕ್ಕೆ ಮಲ್ವಾಲ್, ಬಲಕ್ಕೆ ಕೈ ಮುಗಿದ ಮಾಸ್ತರರು. ಡಿಕ್ಕಿಯಲ್ಲಿದ್ದ ಹಾರ ನೆನಪಾಯಿತು. ಇದನ್ನು ಬಹಳ ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಸ್ಕೂಟಿಯ ಸೀಟಿನ ಮೇಲೆ ಹತ್ತಿ ನಿಂತು, ಬಲಗಡೆಯ ಮುಖದ ಸುತ್ತ, ಫ್ಲೆಕ್ಸಿನ ಕಟ್ಟಿಗೆಗೆ ಗಟ್ಟಿಯಾಗಿ ಕಟ್ಟಿದೆ. ಸೇವಂತಿಗೆ ಒಣಗಿತ್ತು, ಆದರೆ ಹಾರ ಹಾರವೇ. ಕಬ್ಬಿನ ಹಾಲಿನ ಗಾಡಿಯವನು ಚಪ್ಪಲಿ ಬಿಟ್ಟು ಕೈ ಮುಗಿದ.

ಔರಾದಿನಲ್ಲಿ ಮಡೆಪ್ಪನ ಹಟ್ಟಿಯ ಮುಂದೆ ನೆಲ ಗಟ್ಟಿಯಿದೆ, ಕುರಿ ತುಳಿದು ತುಳಿದು ಸಪಾಟಾಗಿದೆ. ಕಂಬ ನೆಟ್ಟು ಕಲ್ಲು ಗಿಡಿದೆವು. ಚೆಂಡು ಕೋರ್ಟಿನಲ್ಲಿ ಪುಟಿದಂತೆ ಪುಟಿಯುವುದಿಲ್ಲ, ಎಲ್ಲೆಲ್ಲೋ ಹೋಗುತ್ತದೆ. ಸಿದ್ದೇಶ್ವರಿ ಮೊದಲು ಮುಖ ಸಿಂಡರಿಸಿದಳು. ಆಮೇಲೆ ಓಡಿ ಬಂದು ಎಡಗಡೆಯಿಂದ ಎದ್ದಳು. ಚೆಂಡು ರಿಂಗಿನೊಳಗೆ ಬೀಳಲಿಲ್ಲ. ಮತ್ತೆ ಎದ್ದಳು. ನನ್ನ ಹತ್ತಿರ ಮಾತು ಮಾತ್ರ ಇನ್ನೂ ಬಿಟ್ಟೇ ಇದ್ದಳು.

ಸಂಜೆ ಫೈನಲ್ಲು. ಫೋನನ್ನು ಟೆಂಪೋದ ಹಲಗೆಗೆ ಒರಗಿಸಿದ್ದೆವು. ಕೊನೆಯ ಕಾಲುಭಾಗದಲ್ಲಿ ಮಲ್ವಾಲನ ಕ್ಲಬ್ಬು ಹಿಂದೆ ಬಿದ್ದಾಗ ಫೋನು ಗುಂಯ್ಗುಟ್ಟಿತು, ಆಟ ಮಾಯವಾಗಿ ಪರದೆಯ ಮೇಲೆ ಚಂದ್ರಕಾಂತ ಮಾಸ್ತರರ ಹೆಸರು ಬಂತು.

“ಮುಕ್ತಾ, ಏನ್ ಮಾಡಿದೀ ಇದು?” ಅಂದರು. “ಮುಂಜಾನಿಂದ ಮಂದಿ ಬರ್ಲಾಕ್ಹತ್ತ್ಯಾರ. ಯಾವಾಗ ಮಣ್ಣು ಅಂತ ಕೇಳ್ತಾರ. ಜನವಾಡದಿಂದ ಬೀಗರು ಗಾಡಿ ಮಾಡ್ಕೊಂಡು ಬಂದಾರ, ನನ್ನ ನೋಡಿ ಚೀರಿದ್ರು. ನನ್ನ ಹೆಂಡ್ತಿ ಅಳೋದು ನಿಲ್ಲಸವಲ್ಲಳು. ನೀ ಬಂದು ಎಲ್ಲರಿಗೂ ಹೇಳು, ನಾ ಬದಕೀನಿ ಅಂತ ಹೇಳು.”

ಸಿದ್ದೇಶ್ವರಿ ಚೆಂಡು ಹಿಡಿದು ನಿಂತಿದ್ದಳು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿತ್ತು. ಆ ಗುರುವಾರದ ನಂತರ ಮೊದಲ ಸಲ ನನ್ನ ಮುಖ ನೋಡಿದಳು.

“ಬಾಯಿ ಮುಚ್ಚಿಕೊಂಡಿರ್ರಿ ಸರ,” ಅಂದೆ. “ಸಾಹುಕಾರ್ರು ಟೊಪ್ಪಿಗಿ ತೆಗೀಲಾಕ ಬರ್ತಿರಬೇಕು. ನಿಮ್ಮ ಹೆಸರಿಗರ ಕೋರ್ಟ್ ಉಳೀತದ.”

ಫೋನು ಇಟ್ಟು ಮತ್ತೆ ಆಟ ಹಚ್ಚಿದೆ. ಮಲ್ವಾಲನ ಕ್ಲಬ್ಬು ಸೋತಿತ್ತು. ಸಿದ್ದೇಶ್ವರಿ, “ಟೀಚರ್, ಚೆಂಡು ಹಾಕ್ರಿ,” ಅಂದಳು. ನಾನು ಎದ್ದು ಹೋಗಿ ಹಾಕಿದೆ.